ಮೊಲದ ಸಿಟ್ಟು

ನಮ್ಮ ಕಡೆ ಬರೀ ಹೆಸರು ಹೇಳಿದರೆ ಮಂದಿಗೆ ಸಮಾಧಾನವಾಗುವುದಿಲ್ಲ. "ಪೂರಾ ಹೆಸರು ಏನ್ರಿ?" ಎಂದು ಕೇಳುತ್ತಾರೆ. ಪೂರಾ ಹೆಸರೆಂದರೆ ಅಡ್ಡಹೆಸರು. ಅದು ಸಿಕ್ಕಿತೆಂದರೆ ಊರು ಸಿಕ್ಕಿತು, ಊರೊಳಗಿನ ಓಣಿ ಸಿಕ್ಕಿತು, ಎದುರಿಗೆ ಕೂತವರನ್ನು ಎಷ್ಟು ದೂರದಲ್ಲಿ ಇಡಬೇಕೆಂಬುದೂ ತೀರ್ಮಾನವಾಯಿತು. ಅದಕ್ಕೇ ನನಗೆ ಸಂಶೋಧನೆ ಕಲಿಸಿದ ಮೇಡಂ ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಪೂರಾದ್ದೂ ಇಲ್ಲ, ಅರ್ಧದ್ದೂ ಇಲ್ಲ. ಅವರು ಭಾಲ್ಕಿ ತಾಲ್ಲೂಕಿನ ಭಾತಂಬ್ರಾದ ಬೌದ್ಧ ಮನೆತನದವರು ಎಂಬುದನ್ನು ಮಾತ್ರ ನಾನೇ ಮೊದಲಿಗೆ ಹೇಳಿಬಿಡುತ್ತೇನೆ. ಅದನ್ನು ಮುಚ್ಚಿಟ್ಟು ಬರೆದರೆ ಮೇಡಂ ಇದ್ದಿದ್ದರೆ ಹಾಳೆ ಹರಿದು ನನ್ನ ಕೈಗೇ ಕೊಡುತ್ತಿದ್ದರು.

ಹೋದ ತಿಂಗಳು ಅವರು ತೀರಿಕೊಂಡರು. ನಿವೃತ್ತಿಯಾಗಿ ಬಹಳ ದಿನವೇನೂ ಆಗಿರಲಿಲ್ಲ. ಸುದ್ದಿ ಬಂದಾಗ ನಾನು ಅತ್ತೆ, ಅಳುವಿನ ಬೆನ್ನಿಗೇ ನಾಚಿಕೆ ಬಂತು. ಅಳು ಕೆಲವು ದಿನಕ್ಕೆ ನಿಂತಿತು. ನಾಚಿಕೆ ಬೇಡದ ನೆಂಟನ ಹಾಗೆ ಇನ್ನೂ ಮನೆಯಲ್ಲೇ ಕೂತಿದೆ. ಹೊರಡು ಎನ್ನಲು ನನಗೆ ಬಾಯಿ ಬರುತ್ತಿಲ್ಲ.

ಬೀದರಿನಿಂದ ಬಗದಲ್ ಕಡೆಗೆ ಹೋಗುವ ರಸ್ತೆಯಲ್ಲಿ ಕುರಿಗಳ ಸಂಶೋಧನೆಗೆಂದು ಒಂದು ಖಾಸಗಿ ಕೇಂದ್ರವಿತ್ತು. ಈಗ ಅದು ಫಂಕ್ಷನ್ ಹಾಲ್ ಆಗಿದೆ. ನಾವು ಸ್ಲೈಡು ನೋಡುತ್ತಿದ್ದ ಕೋಣೆಯಲ್ಲಿ ಮದುಮಗಳಿಗೆ ಮೇಕಪ್ ಮಾಡುತ್ತಾರಂತೆ. ನಾನು ಔರಾದ್ ತಾಲ್ಲೂಕಿನ ಚಿಂತಾಕಿಯವಳು, ಕುರಿ ಕಾಯುವ ಮನೆಯವಳು. ಕುರಿಯ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಏನಿದೆ ಎಂಬ ಸೊಕ್ಕಿನಲ್ಲೇ ಅಲ್ಲಿ ಪಿಎಚ್‌ಡಿಗೆ ಸೇರಲು ಹೋದೆ. ಸಂದರ್ಶನ ಮಾಡಿದವರು ಮೇಡಂ. ಕುಳ್ಳಗಿನ ದೇಹ, ಬಣ್ಣ ಮಾಸಿದ ಕುರ್ತಾ, ದಾರ ಕಟ್ಟಿ ಕೊರಳಿಗೆ ತೂಗುಬಿಟ್ಟ ಕನ್ನಡಕ. ಏಪ್ರನ್ನಿನ ಜೇಬಿನಲ್ಲಿ ಹುರಿದ ಶೇಂಗಾ ಇದೆಯೆಂದು ಆಮೇಲೆ ಗೊತ್ತಾಯಿತು. ಪ್ರಯೋಗಾಲಯದಲ್ಲಿ ತಿನ್ನಬಾರದೆಂಬ ನಿಯಮ ಅವರದೇ. ಆದ್ದರಿಂದ ಗಳಿಗೆಗೊಮ್ಮೆ ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಬರುತ್ತಿದ್ದರು.

"ಹಾರ್ಮೋನಿನ ಗ್ರಾಹಕ ಅಂದ್ರ ಏನು?" ಎಂದು ಕೇಳಿದರು. ನಾನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಒಂದೇ ಉಸಿರಿಗೆ ಒಪ್ಪಿಸಿದೆ.

"ಬರೋಬ್ಬರಿ ಅದ. ಈಗ ಇದನ್ನೇ ನಿಮ್ಮ ಅವ್ವಗ ಹೇಳು."

ನಾನು ಮತ್ತೆ ಅದೇ ಇಂಗ್ಲಿಷಿನಿಂದ ಶುರು ಮಾಡಿದೆ. ಅವರು ನಕ್ಕರು. ಮಾತು ಮುಗಿಯುವ ಮೊದಲೇ ನಗುವ ಅಭ್ಯಾಸ ಅವರಿಗೆ.

"ಗಿರಾಕಿ ಅಂತ ಹೇಳವ್ವಾ. ಹಾರ್ಮೋನು ಅಂದ್ರ ಬಳಿಗಾರ. ರಕ್ತದಾಗ ಓಣಿ ಓಣಿ ತಿರಗತಾನ, ಎಲ್ಲಾರ ಮನಿ ಮುಂದೂ ಕೂಗ್ತಾನ. ಒಬ್ಬಾಕಿ ಬಾಗಲಾ ತಗದು ಕೈ ಮುಂದ ಮಾಡ್ತಾಳಲ್ಲ, ಆಕಿನೇ ಗಿರಾಕಿ. ಯಾವ ಮನ್ಯಾಗ ಗಿರಾಕಿ ಅದಾಳ, ಯಾವ ಮನ್ಯಾಗ ಇಲ್ಲ, ಅದನ್ನ ಹುಡುಕೂದು ನಮ್ಮ ಕೆಲಸ. ನಾಳಿಂದ ಬಾ."

ಆ ಸಂಜೆ ಫೋನಿನಲ್ಲಿ ಅವ್ವನಿಗೆ ಹೇಳಿದೆ. ಅವ್ವ ಎಲ್ಲವನ್ನೂ ಕೇಳಿ, "ಮತ್ತ ಗಿರಾಕಿ ಇಲ್ಲದ ಮನಿ ಮುಂದ ಆ ಬಳಿಗಾರ ಯಾಕ ಕೂಗ್ತಾನ?" ಎಂದಳು. ಮರುದಿನ ಅದನ್ನು ಮೇಡಂಗೆ ಒಪ್ಪಿಸಿದರೆ ಅವರು ಖುಷಿಯಿಂದ ಮೇಜು ಗುದ್ದಿದರು. "ನಿಮ್ಮ ಅವ್ವನ್ನ ಕಳಸು, ನೀ ಕುರಿ ಕಾಯಿ."

ಅವರ ಬಳಿ ಒಂದು ದೊಡ್ಡ ಥರ್ಮಾಸ್ ಇತ್ತು. ದಿನಾಲೂ ಮನೆಯಿಂದ ಶುಂಠಿ ಹಾಕಿದ ಚಹಾ ತರುತ್ತಿದ್ದರು, ಹತ್ತು ಮಂದಿಗೆ ಸಾಕಾಗುವಷ್ಟು. ನಾನು ಸೇರಿದ ಹೊಸದರಲ್ಲಿ ನಮ್ಮ ಕೇಂದ್ರದ ಜನ ಬಹಳ ದೈವಭಕ್ತರೆಂದು ತಿಳಿದಿದ್ದೆ. ಏಕೆಂದರೆ ಮೇಡಂ ಥರ್ಮಾಸ್ ತೆಗೆದಾಗಲೆಲ್ಲ ಯಾರಿಗಾದರೂ ಸೋಮವಾರ, ಯಾರಿಗಾದರೂ ಗುರುವಾರ, ಉಳಿದವರಿಗೆ ಸಂಕಷ್ಟಿ. ಎಲ್ಲರಿಗೂ ಉಪವಾಸ. ಐದು ನಿಮಿಷದ ನಂತರ ಅದೇ ಜನ ಗೇಟಿನಾಚೆಯ ಡಬ್ಬಿ ಅಂಗಡಿಯಲ್ಲಿ ಚಹಾ ಕುಡಿಯುತ್ತ ನಿಂತಿರುತ್ತಿದ್ದರು. ಇದು ನನ್ನ ದಡ್ಡ ತಲೆಗೆ ಹೊಳೆಯುವುದಕ್ಕೆ ಎಷ್ಟೋ ದಿನ ಬೇಕಾಯಿತು. ಹೊಳೆದ ದಿನ ಅವರ ಮುಖ ನೋಡಲಾಗಲಿಲ್ಲ. ಅವರೇ ನನ್ನ ಲೋಟ ತುಂಬಿಸುತ್ತ ಹೇಳಿದರು: "ನನ್ನ ಥರ್ಮಾಸ್ ನೋಡಿದ್ರ ಸಾಕು, ಮಂದಿಗೆ ಭಕ್ತಿ ಬರ್ತದ. ಯಾವ ಸ್ವಾಮಿಗೋಳಿಗೂ ಆಗದ ಕೆಲಸ ಇದು."

ನಾನು ನಗಬೇಕೆಂದು ಅವರು ಹೇಳಿದ್ದು. ನಕ್ಕೆ. ನಕ್ಕು ಒಳಗೆ ಹೋಗಿ ಕೈ ತೊಳೆದೆ, ಯಾಕೆ ತೊಳೆದೆನೆಂದು ನನಗೇ ತಿಳಿಯಲಿಲ್ಲ. ಉಪವಾಸ ಮಾಡುತ್ತಿದ್ದವರ ಅಡ್ಡಹೆಸರುಗಳೂ ನನ್ನ ಅಡ್ಡಹೆಸರೂ ಒಂದೇ ಸಾಲಿಗೆ ಸೇರಿದವು.

ನಮ್ಮ ಕೆಲಸಕ್ಕೆ ಜೀವಾಳವೆಂದರೆ ಪ್ರತಿಕಾಯ. ಒಂದು ಸಣ್ಣ ಶೀಶೆಯ ತಳದಲ್ಲಿ ಕಣ್ಣೀರಿನಷ್ಟು ಇರುತ್ತದೆ. ಹೈದರಾಬಾದಿನವರೆಗೆ ಅದು ಕೊರಿಯರಿನಲ್ಲಿ ಬರುತ್ತಿತ್ತು. ಅಲ್ಲಿಂದ ಬೀದರಿಗೆ ಬರುವಷ್ಟರಲ್ಲಿ ಐಸು ಕರಗಿ ಕೆಡುತ್ತದೆಂದು ಮೇಡಂ ತಾವೇ ಹೋಗಿ ಬಸ್ಸಿನಲ್ಲಿ ತರುತ್ತಿದ್ದರು. ಥರ್ಮಾಕೋಲ್ ಡಬ್ಬಿ ತೊಡೆಯ ಮೇಲೆ, ಎರಡೂ ಕೈ ಡಬ್ಬಿಯ ಮೇಲೆ. ಒಮ್ಮೆ ನಾನೂ ಜೊತೆಗಿದ್ದೆ. ಜಹೀರಾಬಾದ್ ದಾಟಿದ ಮೇಲೆ ಕಂಡಕ್ಟರನಿಗೆ ತಡೆಯಲಾಗಲಿಲ್ಲ.

"ಏನ್ ಅದರಿ ಮೇಡಂ ಡಬ್ಬಿದಾಗ? ಕೂಸಿನ್ನ ಹಿಡದಂಗ ಹಿಡದೀರಿ."

"ಮೊಲದ ಸಿಟ್ಟು," ಎಂದರು ಮೇಡಂ.

ಕಂಡಕ್ಟರ್ ನನ್ನ ಮುಖ ನೋಡಿದ. ಮೇಡಂ ಅವನಿಗೆ ವಿವರಿಸಿ ಹೇಳಿದರು, ಯಾವ ವಿದ್ಯಾರ್ಥಿಗೂ ಕಮ್ಮಿಯಿಲ್ಲದಂತೆ. "ನಾವು ಹುಡುಕೂ ಗಿರಾಕಿದು ಒಂದು ಚೂರು ತಗೊಂಡು ಮೊಲದ ಮೈಗೆ ಚುಚ್ಚತಾರ. ಮೊಲಕ್ಕ ಅದು ಹೊರಗಿನವರು ಅಂತ ಗೊತ್ತಾಗ್ತದ, ಸಿಟ್ಟು ಬರ್ತದ. ಆ ಸಿಟ್ಟು ಅದರ ರಕ್ತದಾಗ ಇಳೀತದ. ಅದನ್ನ ತಗದು ಶೀಶೆದಾಗ ಹಾಕಿ ಕೊಡ್ತಾರ. ಮುಂದ ಎಲ್ಲಿ ಒಯ್ದು ಬಿಟ್ರೂ ಆ ಸಿಟ್ಟು ತನ್ನ ವೈರಿನ್ನ ಹುಡುಕಿ ಹಿಡೀತದ."

"ಹಂಗಾದ್ರ ನಮ್ಮ ಡಿಪೊ ಮ್ಯಾನೇಜರಂದೂ ಒಂದು ಶೀಶೆ ತುಂಬ್ಕೊಂಡು ಹೋಗ್ರಿ," ಎಂದ ಕಂಡಕ್ಟರ್. "ಬಸ್ ತುಂಬಾ ಚೆಲ್ಲ್ಯಾಡೇದ."

ಬೀದರ್ ಬರುವವರೆಗೂ ಮೇಡಂ ನಗುತ್ತಿದ್ದರು. ಡಬ್ಬಿ ಅಲುಗಬಾರದೆಂದು ನಗುವಾಗಲೂ ಮೈ ಗಟ್ಟಿ ಹಿಡಿದುಕೊಂಡಿದ್ದರು.

ಇನ್ನೊಮ್ಮೆ ಕೇಂದ್ರದ ಫ್ರೀಜರ್ ಕೆಟ್ಟಾಗ ಆ ಶೀಶೆಯನ್ನು ಹಿಡಿದುಕೊಂಡು ಪರಿಚಯದ ಐಸ್‌ಕ್ರೀಂ ಅಂಗಡಿಗೆ ಓಡಿದೆವು. ಅಂಗಡಿಯ ಹಿರಿಯ, "ಯಾವ ಫ್ಲೇವರ್ ಇದು?" ಎಂದು ಕೇಳಿ, ಕುಲ್ಫಿಗಳ ನಡುವೆ ಜಾಗ ಮಾಡಿಕೊಟ್ಟರು. ಕಸಾಯಿಖಾನೆಯಲ್ಲೂ ಮೇಡಂಗೆ ಹೀಗೇ ಸಲಿಗೆ. "ಗೋಶ್ತ್ ಛೋಡಕೆ ಯೇ ಕಾಯ್ಕು ಲೇಜಾತೆ?" ಎಂದು ಅಲ್ಲಿನವರು ಕೇಳುತ್ತಿದ್ದರು, ಮಾಂಸ ಬಿಟ್ಟು ಗರ್ಭಕೋಶ ಯಾಕೆ ಒಯ್ಯುತ್ತೀರಿ ಎಂದು. "ಇಸ್ಮೆ ಹಮಾರೆ ಗಿರಾಕಾಂ ಹೈಂ ಭಾಯಿ," ಎನ್ನುತ್ತಿದ್ದರು ಮೇಡಂ, ನಮ್ಮ ಗಿರಾಕಿಗಳು ಇದರೊಳಗೇ ಇದ್ದಾರೆ ಎಂದು. ಅಲ್ಲಿ ಯಾರಿಗೂ ಉಪವಾಸ ಇರುತ್ತಿರಲಿಲ್ಲ. ಥರ್ಮಾಸ್ ಖಾಲಿಯಾಗಿ ಬರುತ್ತಿತ್ತು.

ಹಾಗೆ ತಂದ ಗರ್ಭಕೋಶದ ಚೂರನ್ನು ಮೇಣದಲ್ಲಿ ಹುದುಗಿಸಿ, ಈರುಳ್ಳಿಯ ಪೊರೆಗಿಂತ ತೆಳ್ಳಗೆ ಕೊಯ್ದು ಗಾಜಿನ ಮೇಲೆ ಹರಡುವುದು. ಮೇಲೆ ಪ್ರತಿಕಾಯ ಹಾಕುವುದು. ಅದು ಅಂಟಿಕೊಂಡ ಕಡೆಯಲ್ಲೆಲ್ಲ ಕಂದು ಬಣ್ಣ ಬರುವಂತೆ ಮಾಡುವುದು. ಮೈಕ್ರೋಸ್ಕೋಪಿನಲ್ಲಿ ಕಂದು ಕಂಡರೆ ಗ್ರಾಹಕ ಇದೆ, ಕಾಣದಿದ್ದರೆ ಇಲ್ಲ. ಇಷ್ಟೇ ನಮ್ಮ ಶಾಸ್ತ್ರ. ಆದರೆ ಪ್ರತಿ ಸಲವೂ ಒಂದು ಗಾಜಿಗೆ ಪ್ರತಿಕಾಯ ಹಾಕದೆ, ಉಳಿದದ್ದನ್ನೆಲ್ಲ ಮಾಡಬೇಕು. ಅದರಲ್ಲೂ ಕಂದು ಬಂತೆಂದರೆ ನಮ್ಮ ಬಣ್ಣವೇ ಸುಳ್ಳು ಹೇಳುತ್ತಿದೆ ಎಂದರ್ಥ. ಆ ಗಾಜಿಗೆ ಮೇಡಂ ಇಟ್ಟ ಹೆಸರು ಸಾಕ್ಷಿ. ನಾನು ಎಂಥ ಚೆಂದದ ಸ್ಲೈಡು ತೋರಿಸಿದರೂ ಅವರ ಮೊದಲ ಮಾತು "ಸಾಕ್ಷಿ ಎಲ್ಲಿ?" ಚಾಡಿ ಹೇಳಲು ಬಂದವರಿಗೂ ಅದೇ ಮಾತು. ಅದಕ್ಕೇ ಚಾಡಿ ಹೇಳುವವರು ಅವರ ಕೋಣೆಯ ಕಡೆ ಸುಳಿಯುತ್ತಿರಲಿಲ್ಲ.

ಇನ್ನು ಅವರ ಹೆಸರು ಮಾಡಿದ ಕೆಲಸದ ಮಾತು. ಕೆಲವು ಕುರಿಗಳು ಬೆದೆಗೆ ಬಂದರೂ ಗಬ್ಬ ನಿಲ್ಲುವುದಿಲ್ಲ. ಈಸ್ಟ್ರೋಜೆನ್ ಎಂಬ ಹಾರ್ಮೋನಿಗೆ ಎರಡು ಬಗೆಯ ಗ್ರಾಹಕಗಳಿವೆ. ಗಬ್ಬ ನಿಲ್ಲದ ಕುರಿಗಳಲ್ಲಿ ಎರಡನೆಯ ಬಗೆಯದು ಹೆಚ್ಚಾಗಿದೆ ಎಂದು ಮೇಡಂ ತೋರಿಸಿದ್ದರು. ಇದು ನಾನು ಸೇರುವುದಕ್ಕೂ ಮೊದಲಿನದು. ಪೇಪರ್ ಹೊರದೇಶದ ಪತ್ರಿಕೆಯಲ್ಲಿ ಬಂದಿತ್ತು. ಇಲ್ಲಿನ ಪತ್ರಿಕೆಯೊಂದು "ಕುರಿ ಗಬ್ಬದ ಗುಟ್ಟು ಬಿಚ್ಚಿದ ಭಾತಂಬ್ರಾದ ಮಗಳು" ಎಂದು ಫೋಟೋ ಸಮೇತ ಹಾಕಿತ್ತು. ಊರಿನಲ್ಲಿ ಬ್ಯಾನರ್ ಕಟ್ಟಿ, ಶಾಲು ಹೊದಿಸಿ, ಅವರ ಓಣಿಯ ಹೆಣ್ಣುಮಕ್ಕಳೆಲ್ಲ ಅವರೊಂದಿಗೆ ಫೋಟೋ ತೆಗೆಸಿಕೊಂಡಿದ್ದರು. ಮೇಡಂ ಇದನ್ನು ಹೇಳುವಾಗ, "ಸನ್ಮಾನ ಕುರಿಗೆ ಮಾಡ್ರಿ, ಗರ್ಭಕೋಶ ಕೊಟ್ಟದ್ದು ಅದು ಅಂತ ಅಂದೆ" ಎಂದು ತಮಾಷೆ ಮಾಡುತ್ತಿದ್ದರು. ಆದರೆ ಆ ಶಾಲು ಅವರ ಕಪಾಟಿನಲ್ಲಿ ಮಡಿಕೆ ಕೆಡದೆ ಇತ್ತು. ನನ್ನ ಪಿಎಚ್‌ಡಿ ಶುರುವಾದದ್ದೇ ಅವರ ಆ ಪೇಪರಿನ ಮುಂದಿನ ಮಾತಾಗಿ.

ನನ್ನ ಪ್ರಬಂಧ ಮುಗಿಯುತ್ತ ಬಂದಾಗ ಹಳೆಯ ಶೀಶೆ ತೀರುತ್ತ ಬಂತು. ಹೊಸದನ್ನು ತರಿಸಿದೆವು. ಅದೇ ಕಂಪನಿ, ಅದೇ ನಂಬರು. ಕಂದು ಬರಲಿಲ್ಲ. ನನ್ನ ಕೈಯ ತಪ್ಪೆಂದು ನಾನು ಮತ್ತೆ ಮಾಡಿದೆ. ಬರಲಿಲ್ಲ. ಮೇಡಂ ತಾವೇ ಏಪ್ರನ್ ತೋಳು ಮಡಚಿ ಕೂತು ಮಾಡಿದರು. ಗಾಜು ಸ್ವಚ್ಛವಾಗಿ ಬಿಳಿಚಿಕೊಂಡು ಕೂತಿತ್ತು. ಕಂಪನಿಗೆ ಬರೆದು ಕೇಳಿದರೆ, ಹಳೆಯ ಮೊಲ ಸತ್ತಿದೆ, ಇದು ಬೇರೆ ಮೊಲದ್ದು ಎಂದರು. ಬೇಕಿದ್ದರೆ ಇನ್ನೊಂದು ಶೀಶೆ ಬಿಟ್ಟಿ ಕಳಿ‌ಸುತ್ತೇವೆ ಎಂದೂ ಸೇರಿಸಿದ್ದರು.

"ಹೊಸ ಮೊಲ ಖೊಟ್ಟಿ ಇರಬೇಕ್ರಿ," ಎಂದೆ ನಾನು.

"ಹಳೇದು ಖೊಟ್ಟಿ ಇದ್ರ?" ಎಂದರು ಮೇಡಂ. ಅದನ್ನು ಕೇಳುವಾಗ ಅವರು ನಗಲಿಲ್ಲ.

ಹಳೆಯ ಶೀಶೆಯಲ್ಲಿ ಉಳಿದಿದ್ದ ಹನಿಯನ್ನು ಹೈದರಾಬಾದಿನ ಗೆಳತಿಯೊಬ್ಬರ ಪ್ರಯೋಗಾಲಯಕ್ಕೆ ಒಯ್ದರು. ಅಲ್ಲಿ ಆ ಎರಡನೆಯ ಗ್ರಾಹಕವನ್ನು ಬೇರುಸಹಿತ ತೆಗೆದುಹಾಕಿದ ಜೀವಕೋಶಗಳಿದ್ದವು. ಗಿರಾಕಿಯೇ ಇಲ್ಲದ ಮನೆಗಳು. ಹಳೆಯ ಪ್ರತಿಕಾಯ ಹಾಕಿದರೆ ಅಲ್ಲಿಯೂ ಕಂದು ಬಂತು, ಗಾಢವಾಗಿ ಬಂತು. ಅಂದರೆ ಇಷ್ಟು ವರ್ಷ ಅದು ಹಿಡಿದು ತೋರಿಸಿದ್ದು ಬೇರೆ ಯಾರನ್ನೋ. ನಮ್ಮ ಸಾಕ್ಷಿ ಗಾಜು ಇದನ್ನು ಹೇಳಲು ಸಾಧ್ಯವೇ ಇರಲಿಲ್ಲ. ಬಣ್ಣ ಸುಳ್ಳಾಡಿದರೆ ಅದು ಹೇಳುತ್ತಿತ್ತು. ಸುಳ್ಳಾಡಿದ್ದು ಪ್ರತಿಕಾಯವೇ.

ಗೆಳತಿಯ ಫೋನು ಇಟ್ಟ ಮೇಲೆ ಮೇಡಂ ಬಹಳ ಹೊತ್ತು ಕನ್ನಡಕ ಒರೆಸುತ್ತಿದ್ದರು.

"ಮೊಲಕ್ಕ ಸಿಟ್ಟು ಒಬ್ಬರ ಮ್ಯಾಲ ಬರಿಸಿದ್ರು," ಎಂದರು. "ಅದು ಹಿಡದದ್ದು ಇನ್ನೊಬ್ಬರನ್ನ. ನಾ ಇಷ್ಟು ವರ್ಷ ಸಾಕ್ಷಿನ್ನ ಕೇಳಿದೆ. ಗುರ್ತು ಹಿಡದವರನ್ನ ಕೇಳಲೇ ಇಲ್ಲ ನೋಡು."

ಮರುದಿನವೇ, ತಪ್ಪಾಗಿದೆಯೆಂದು ಆ ಪತ್ರಿಕೆಗೆ ಬರೆದು ಪೇಪರ್ ವಾಪಸ್ ಪಡೆಯುವ ನಿರ್ಧಾರ ಮಾಡಿದ್ದರು. ನನಗೆ ಸಿಟ್ಟು ಬಂತು. ನನ್ನ ಪ್ರಬಂಧದ ಒಂದು ಅಧ್ಯಾಯವೇ ಉರುಳುತ್ತದೆಂಬ ಸಂಕಟ ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ, ಈ ಪ್ರತಿಕಾಯಗಳನ್ನು ನಂಬಿ ಮೋಸಹೋದವರು ಊರೂರಿಗೂ ಇರುವಾಗ ಇವರೊಬ್ಬರೇ ಯಾಕೆ ತಲೆ ಕೊಡಬೇಕು ಎಂಬ ಉರಿ. ಹಾಗೇ ಕೇಳಿದೆ.

"ಖರೇ ಅದ," ಎಂದರು. "ತಪ್ಪು ಎಲ್ಲಾರೂ ಮಾಡ್ಯಾರ. ಅವರು ಮಾಡಿದ್ರ ತಪ್ಪು ಅಂತಾರ. ನಾ ಮಾಡಿದ್ರ ಜಾತಿ ಅಂತಾರ. ನಮ್ಮ ಮನ್ಯಾಗ ಒಬ್ಬರು ಎಡವಿದ್ರ ಓಣಿ ಪೂರಾ ಎಡವಿದಂಗ ಲೆಕ್ಕ. ನಾಳೆ ಭಾತಂಬ್ರಾದಿಂದ ಇನ್ನೊಂದು ಹುಡುಗಿ ಇಂಥ ಕೋಣ್ಯಾಗ ಬಂದು ನಿಂತ್ರ, ನನ್ನ ತಪ್ಪು ಆಕಿಗಿಂತ ಮೊದಲ ಬಂದು ಕುರ್ಚಿ ಮ್ಯಾಲ ಕುಂತಿರ್ತದ. ಅದಕ್ಕ ನನಗ ಅಂಜಿಕಿ ಅದ. ನಿನ್ನೆ ರಾತ್ರಿ ಪೂರಾ ಅಂಜೀನಿ."

"ಮತ್ತ ಯಾಕ ಹೇಳ್ತೀರಿ ಮೇಡಂ?"

"ಹೇಳಲಿಲ್ಲಂದ್ರ ಅವರು ಅನ್ನೂದೇ ಖರೇ ಆಗ್ತದಲ್ಲ."

ನಮ್ಮ ಕೇಂದ್ರದ ಡೈರೆಕ್ಟರ್ ಸಾಹೇಬರಿಗೆ ಮೊದಲು ತಿಳಿಸಬೇಕಿತ್ತು. ಜೊತೆಗೆ ನನ್ನನ್ನೂ ಕರೆದುಕೊಂಡು ಹೋದರು, ಸ್ಲೈಡುಗಳ ಪೆಟ್ಟಿಗೆ ಹೊರಲಿಕ್ಕೆ. ಸಾಹೇಬರು ಕೆಟ್ಟ ಮನುಷ್ಯರಲ್ಲ. ಇದನ್ನು ನಾನು ಒತ್ತಿ ಹೇಳಬೇಕು. ಕೆಟ್ಟವರಾಗಿದ್ದರೆ ನನಗೆ ಇವತ್ತು ಇಷ್ಟು ಕಷ್ಟವಾಗುತ್ತಿರಲಿಲ್ಲ. ಯಾರ ಮನೆಯಲ್ಲಿ ಮದುವೆಯಾದರೂ ಮುಂದೆ ನಿಂತು ಬಡಿಸುವಂಥವರು. ಮೇಡಂ ನಿಂತುಕೊಂಡೇ ಎಲ್ಲವನ್ನೂ ಹೇಳಿದರು, ಒಂದನ್ನೂ ಬಿಡದೆ. ಸ್ಲೈಡು ತೋರಿಸಲು ಪೆಟ್ಟಿಗೆ ತೆರೆದರು.

ಸಾಹೇಬರು ಪೆಟ್ಟಿಗೆಯ ಮುಚ್ಚಳವನ್ನು ತಾವೇ ಮೆಲ್ಲಗೆ ಮುಚ್ಚಿದರು. ಚಹಾ ಹೇಳಿ ಕಳಿ‌ಸಿದರು.

"ಅಯ್ಯ, ಇಷ್ಟಕ್ಕ ಯಾಕ ಮನಸಿಗೆ ಹಚ್ಕೊಂಡೀರಿ ಮೇಡಂ? ಇರ್ಲಿ ಬಿಡ್ರಿ. ಯಾರ್ ನೋಡ್ತಾರ? ನಿಮ್ಮವರೊಳಗ ಹುಟ್ಟಿ ನೀವು ಇಲ್ಲಿತನಕ ಬಂದದ್ದೇ ದೊಡ್ಡದು. ಅದನ್ನೇ ನಾವು ಎಲ್ಲಾ ಕಡಿ ಹೇಳ್ತೇವಿ." ಆಮೇಲೆ ನನ್ನ ಕಡೆ ತಿರುಗಿ, ಮನೆಯ ಹುಡುಗಿಯನ್ನು ನೋಡುವ ಹಾಗೆ ನಕ್ಕರು. "ಹೌದಲ್ಲೇನವ್ವಾ?"

ಆ ನಗೆಯಲ್ಲಿ ನನಗೂ ಒಂದು ಪಾಲು ಇತ್ತು. ನಾನು ಕೇಳಿರಲಿಲ್ಲ, ಅವರೇ ತೆಗೆದಿಟ್ಟಿದ್ದರು. "ಇಲ್ರಿ ಸಾಹೇಬ್ರ" ಎಂದೆ. ನನ್ನ ದನಿ ಎಷ್ಟು ಸಣ್ಣಗಿತ್ತೆಂದರೆ ಅವರಿಗೆ ಅದು ಹೌದು ಎಂದೇ ಕೇಳಿಸಿರಬೇಕು. ತಲೆಯಾಡಿಸಿ ಇನ್ನಷ್ಟು ನಕ್ಕರು. ನೆಲ ಬಿರಿದು ನುಂಗಬಾರದೇ ಎನ್ನುತ್ತಾರಲ್ಲ, ಆ ಮಾತು ಯಾಕೆ ಹುಟ್ಟಿತೆಂದು ಆಗ ಗೊತ್ತಾಯಿತು.

ಮೇಡಂ ಚಹಾವನ್ನು ಪೂರ್ತಿ ಕುಡಿದರು. ಲೋಟ ಇಟ್ಟರು. "ಪೇಪರ್ ವಾಪಸ್ ತಗೋತೇನ್ರಿ," ಎಂದಷ್ಟೇ ಹೇಳಿದರು. ಪೇಪರಿನ ಮೇಲೆ ಪದ್ಧತಿಯಂತೆ ಸಾಹೇಬರ ಹೆಸರೂ ಇತ್ತು. ಅದು ನೆನಪಾದಾಗ ಅವರ ಮುಖದ ನಗೆ ಸ್ವಲ್ಪ ಕಮ್ಮಿಯಾಯಿತು. ನಿಮ್ಮ ಇಷ್ಟ, ಆದರೆ ವಾಪಸ್ ಪತ್ರದಲ್ಲಿ ನನ್ನ ಹೆಸರು ತರಬೇಡಿ ಎಂದರು.

ಹೊರಗೆ ಬೇವಿನ ಗಿಡದ ಕೆಳಗೆ ಬಂದು ಮೇಡಂ ಜೇಬಿನಲ್ಲಿ ಕೈ ಹಾಕಿದರು, ಶೇಂಗಾ ತೆಗೆಯಲಿಲ್ಲ.

"ಬೈತಾರ ಅಂತ ಎದಿ ಗಟ್ಟಿ ಮಾಡ್ಕೊಂಡು ಹೋಗಿದ್ದೆ," ಎಂದರು. "ಮಾಫ್ ಮಾಡಿಬಿಟ್ರಲ್ಲ."

ಅವರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ತಪ್ಪನ್ನು ತಪ್ಪೆಂದು ತೂಗಿ ನೋಡುವಷ್ಟು ಬೆಲೆಯನ್ನೂ ಅವರಿಗೆ ಕೊಡಲಿಲ್ಲ ನಾವು. ನಾವು ಎಂದೇ ಬರೆಯುತ್ತೇನೆ. ಸಾಹೇಬರು ಎಂದು ಬರೆದರೆ ನನಗೆ ಹಗುರಾಗುತ್ತದೆ, ಅದು ಬೇಡ.

ಪೇಪರ್ ವಾಪಸಾಯಿತು. ಪತ್ರದಲ್ಲಿ ಅವರ ಒಂದೇ ಹೆಸರು. ನನ್ನ ಪ್ರಬಂಧದ ಆ ಅಧ್ಯಾಯ ಕಿತ್ತುಹಾಕಿ, ಮೊದಲ ಬಗೆಯ ಗ್ರಾಹಕದ ಮೇಲೆ, ಮೂರು ಕಡೆ ಪರೀಕ್ಷಿಸಿದ ಪ್ರತಿಕಾಯದಿಂದ, ಮತ್ತೆ ಬರೆಸಿದರು. ನನಗೆ ಡಿಗ್ರಿ ಬಂತು. ಇತ್ತ ಗೇಟಿನಾಚೆಯ ಚಹಾದಂಗಡಿಯಲ್ಲಿ, "ಅದಕ್ಕೇ ಅಂತೇವಿ, ಎಲ್ಲಾರನ್ನೂ ಒಯ್ದು ಎಲ್ಲೆಲ್ಲೋ ಕುಂದರಿಸಬಾರದು" ಎಂಬ ಮಾತು ಶುರುವಾಯಿತು. ಮೊಲದ ಮಾತನ್ನು ಯಾರೂ ಎತ್ತಲಿಲ್ಲ. ನಾನು ಜಗಳಕ್ಕೆ ನಿಂತೆ. ನನ್ನ ಬಾಯಿ ಸಣ್ಣದಲ್ಲ. ಅವರಲ್ಲೊಬ್ಬರು ಶಾಂತವಾಗಿ, "ನೀ ಯಾಕ ಉರ್ಕೋತಿ ತಂಗಿ? ನಿನಗೇನರ ಅಂದೇವೇನು?" ಎಂದರು. ಇಲ್ಲ, ನನಗೇನೂ ಅಂದಿರಲಿಲ್ಲ. ನನಗೆ ಯಾರೂ ಏನೂ ಅನ್ನುವುದಿಲ್ಲ.

ಮೇಡಂ ನಿವೃತ್ತಿಯ ಸಮಾರಂಭದ ಹೊತ್ತಿಗೆ ಎಲ್ಲರೂ ಎಲ್ಲವನ್ನೂ ಮರೆತಿದ್ದರು. ಅಥವಾ ಮೊದಲಿಗೇ ಯಾರೂ ಓದಿರಲಿಲ್ಲ. ಅಭಿನಂದನೆಯ ಮಾತನ್ನು ಯಾರೋ ಹಳೆಯ ಪತ್ರಿಕೆ ನೋಡಿ ಬರೆದಿದ್ದರು. ಕುರಿ ಗಬ್ಬದ ಗುಟ್ಟು ಬಿಚ್ಚಿದ ಮಹಾನ್ ವಿಜ್ಞಾನಿ ಎಂದು ಮೈಕಿನಲ್ಲಿ ಓದಿದಾಗ ಮೇಡಂ ಶಾಲು ಹೊದ್ದುಕೊಂಡೇ ಎದ್ದು ನಿಂತರು.

"ಅದು ಸುಳ್ಳಾಗೇದ್ರಿ. ಅದನ್ನ ನಾನೇ ವಾಪಸ್ ತಗೊಂಡೀನಿ."

ಮುಂದಿನ ಸಾಲಿನವರೊಬ್ಬರು, "ಎಂಥಾ ವಿನಯ!" ಎಂದು ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. "ವಿನಯ ಅಲ್ರಿ, ತಪ್ಪು ಆಗೇದ್ರಿ," ಎಂದು ಮೇಡಂ ಮತ್ತೆ ಹೇಳಿದರು. ಚಪ್ಪಾಳೆ ಇನ್ನೂ ಜೋರಾಯಿತು. ಅವರು ನಿಂತೇ ಇದ್ದರು. ಚಪ್ಪಾಳೆ ನಿಲ್ಲಲಿ, ಇನ್ನೊಮ್ಮೆ ಹೇಳೋಣ ಎಂದು ಕಾದರು. ಅಷ್ಟರಲ್ಲಿ ವಂದನಾರ್ಪಣೆಯವರು ಮೈಕ್ ತೆಗೆದುಕೊಂಡರು. ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ.

ಅವರು ತೀರಿಕೊಂಡ ಮೇಲೆ ಭಾತಂಬ್ರಾಕ್ಕೆ ಮಾತಾಡಿಸಲು ಹೋದೆ. ಅವರ ಅಣ್ಣ ಇದ್ದರು, ಊರಲ್ಲೇ ಹೊಲ ನೋಡಿಕೊಂಡಿರುವವರು. ಬಂದವರೆಲ್ಲ ಜಮಖಾನೆಯ ಮೇಲೆ ಕೂತಿದ್ದರು. ಗೋಡೆಯ ಮೇಲೆ ಬುದ್ಧನ ಪಟ, ಬಾಬಾಸಾಹೇಬರ ಪಟ, ಪಕ್ಕದಲ್ಲಿ ಗಾಜಿನ ಚೌಕಟ್ಟಿನಲ್ಲಿ ಆ ಪತ್ರಿಕೆಯ ತುಂಡು, "ಕುರಿ ಗಬ್ಬದ ಗುಟ್ಟು ಬಿಚ್ಚಿದ" ಎಂದು. ನಾನು ಅದನ್ನೇ ನೋಡುತ್ತಿದ್ದುದು ಅಣ್ಣನಿಗೆ ತಿಳಿಯಿತು.

"ಅದು ಸುಳ್ಳಾಗೇದಂತ ಆಕಿ ನನಗ ಹೇಳಿದ್ಳು ಮೇಡಂ," ಎಂದರು. ನನ್ನನ್ನು ಮೇಡಂ ಎಂದು ಅವರು ಕರೆದದ್ದು ಮೈಗೆ ಚುಚ್ಚಿತು. "ಬಂದಾಗೊಮ್ಮೆ ತೆಗಿ ಅಂತಿದ್ಳು. ಆಕಿ ಬರೂ ದಿನ ತಗದು ಒಳಗ ಇಡ್ತಿದ್ದೆ, ಹೋದ ಮ್ಯಾಲ ಮತ್ತ ಹಾಕ್ತಿದ್ದೆ. ಓಣಿ ಹುಡುಗ್ಯಾರು ನೋಡ್ಲಿ ಅಂತ. ಈಗ ಆಕಿ ಬರಂಗಿಲ್ಲ. ಏನ್ ಮಾಡ್ಲಿ ನೀವ ಹೇಳ್ರಿ."

"ಅದು ಅವರ ತಪ್ಪಲ್ಲ ಕಾಕಾ," ಎಂದೆ. "ಕಂಪನಿಯವರು ಕೊಟ್ಟದ್ದೇ ಹಂಗಿತ್ತು. ಯಾರಿಗರ ಆಗ್ತಿತ್ತು, ನೀವು ಮನಸಿಗೆ..."

"ಹಂಗನ್ನಬ್ಯಾಡ್ರಿ," ಎಂದು ಕೈ ಎತ್ತಿ ತಡೆದರು. "ಆಕಿ ತಪ್ಪು ನಂದು ಅಂತ ಹೇಳ್ಯಾಳ. ಆಕಿ ಹೇಳಿದ್ದನ್ನ ನೀವು ಕಮ್ಮಿ ಮಾಡಬ್ಯಾಡ್ರಿ."

ನಾನೂ ಮಾಫಿ ಹಂಚಲಿಕ್ಕೇ ಬಂದಿದ್ದೆ, ಅವರ ಮನೆಯ ಜಮಖಾನೆಯ ಮೇಲೆ ಕೂತು.

ಅಣ್ಣ ಸ್ಟೂಲ್ ತಂದು ಹತ್ತಿ ಆ ಚೌಕಟ್ಟನ್ನು ಇಳಿಸಿದರು. ಟವೆಲಿನಿಂದ ಧೂಳು ಒರೆಸಿ, ಹಿಂದಿನ ಮೊಳೆ ಸಡಿಲಿಸಿ, ಪತ್ರಿಕೆಯ ತುಂಡನ್ನು ಹೊರತೆಗೆದು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು. ಖಾಲಿ ಚೌಕಟ್ಟನ್ನು ನನ್ನ ಮುಂದೆ ಇಟ್ಟರು.

"ಮಂದಿ ಕೇಳ್ತಾರ. ಹೇಳಲಿಕ್ಕ ನನಗ ಬರಂಗಿಲ್ಲ. ನೀವ ಕನ್ನಡದಾಗ ಬರದು ಕೊಡ್ರಿ, ಇದ್ರಾಗ ಹಾಕಸ್ತೇನಿ."

"ಏನಂತ ಬರೀಲಿ ಕಾಕಾ?"

"ನನ್ನ ತಂಗಿ ದೊಡ್ಡ ಕೆಲಸ ಮಾಡಿದ್ಳು, ಅದ್ರಾಗ ತಪ್ಪು ಆಯ್ತು, ಯಾರೂ ಕೇಳದೇ ತಾನೇ ಹೇಳಿದ್ಳು ಅಂತ ಬರೀರಿ."

ನಾನು ಚೀಲದಿಂದ ಪೆನ್ನು ತೆಗೆದೆ. ಅಣ್ಣನಿಗೆ ಇನ್ನೂ ಏನೋ ಹೇಳುವುದಿತ್ತು.

"ಆ ತಪ್ಪು ಆಕಿ ಒಬ್ಬಾಕಿದೇ ಅಂತನೂ ಬರೀರಿ. ನಮ್ಮೆಲ್ಲಾರದೂ ಅಲ್ಲ ಅಂತ ಬರೀರಿ," ಎಂದರು. "ನಾವು ಬರದ್ರ ನಂಬಂಗಿಲ್ಲ. ನೀವು ಬರದ್ರ ನಂಬತಾರ."